ಅವ್ವನಿಗೆಂದು ಇಟ್ಟ ಅಳು

ಕ್ಯಾಮೆರಾ ಒಮ್ಮೆ ಹಿಡಿದ ಭಾವ ಮತ್ತೆ ಆ ಮುಖಕ್ಕೆ ಬರುವುದಿಲ್ಲ ಎಂಬುದು ಹುಬ್ಬಳ್ಳಿಯ ಮೂಕಿ ಚಿತ್ರದವರಿಗೆಲ್ಲ ಗೊತ್ತಿದ್ದ ಮಾತು. ನಟಿ ಹಂಸಾಬಾಯಿಯ ನಾಚಿಕೆ ಮೊದಲ ಚಿತ್ರಕ್ಕೇ ಹೋಗಿತ್ತು. ಸಿಟ್ಟು, ಅಂಜಿಕೆ, ನಗು ಒಂದೊಂದಾಗಿ ಅದರ ಹಿಂದೆ ಹೋದವು. ಹತ್ತು ವರ್ಷ ದುಡಿದ ಮೇಲೆ ಉಳಿದದ್ದು ಅಳು ಒಂದೇ.

"ಅದನ್ನ ಮಾತ್ರ ಕೇಳಬ್ಯಾಡ್ರಿ, ಅವ್ವ ಸತ್ತಾಗ ಬೇಕು" ಎಂದು ನಿರ್ದೇಶಕ ದತ್ತೋಪಂತರಿಗೆ ಆಕೆ ಮೊದಲೇ ಹೇಳಿದ್ದಳು. ಹೆತ್ತವಳ ಹೆಣದ ಮುಂದೆ ಮಗಳು ಒಣಮುಖ ಮಾಡಿಕೊಂಡು ಕೂತರೆ ಓಣಿಯವರು ಬಿಟ್ಟಾರೆಯೇ?

ಒಂದು ದಿನ ಮಧ್ಯಾಹ್ನ ದತ್ತೋಪಂತರು ಕ್ಯಾಮೆರಾದ ಪಕ್ಕ ನಿಂತು ಮೆಲ್ಲಗೆ ಅಂದರು: "ಹಂಸಾಬಾಯಿ, ನಿಮ್ಮವ್ವ ಹೋಗಿಬಿಟ್ರಂತ. ಈಗ ಸುದ್ದಿ ಬಂತು."

ಅವಳು ಕುಸಿದು ಕೂತು ಅತ್ತಳು. ಕ್ಯಾಮೆರಾದ ಹಿಡಿಕೆ ತಿರುಗುತ್ತಲೇ ಇತ್ತು.

ರೀಲು ಮುಗಿಯುವ ಹೊತ್ತಿಗೆ ಅವ್ವ ಎಂದಿನಂತೆ ಬುತ್ತಿ ಹಿಡಿದು ಬಾಗಿಲಿಗೆ ಬಂದಳು.

"ಛಲೋ ಬಂತು. ಇನ್ನ ಊಟಾ ಮಾಡ್ರಿ" ಎಂದರು ದತ್ತೋಪಂತರು.

ಅವ್ವ ಮಗಳ ಗಲ್ಲ ಹಿಡಿದು ನೋಡಿದಳು. "ಇವತ್ತ ಏನ ತಗೊಂಡ್ರು?"

"ನಿನಗಂತ ಇಟ್ಟಿದ್ದು, ಅವ್ವಾ."

ಅವ್ವ ಸೆರಗಿನಿಂದ ಮಗಳ ಕೆನ್ನೆ ಒರೆಸಿದಳು. ಆಮೇಲೆ ಬುತ್ತಿ ಬಿಚ್ಚುತ್ತ, "ಹೋಗ್ಲಿ ಬಿಡು. ನಾ ಸತ್ತ ದಿನ ಮನ್ಯಾಗ ಆ ಪಿಕ್ಚರ್ ಹಚ್ಚಸು" ಎಂದಳು.

ಹಂಸಾಬಾಯಿಗೆ ಅಳು ಬಂತು. ಮುಖಕ್ಕೆ ಬರಲಿಲ್ಲ.