ದೈವಕ್ಕಿಟ್ಟ ಸಿನಿಮಾ

ಗುಂಡಿ ಒತ್ತಿದ್ದೇ ತಡ, ನಾಯಕಿ ನದಿಗೆ ಹಾರಿದಳು. ಹೆಸರುಗಳು ಬರಲಿಲ್ಲ, ಹಾಡು ಬರಲಿಲ್ಲ. ಹೊಚ್ಚ ಹೊಸ ಚೀನೀ ಸಿನಿಮಾ ನಟ್ಟನಡುವಿನಿಂದ ಶುರುವಾಗಿತ್ತು. ಪರದೆಯ ಕೆಳಗೆ ಓಡುವ ಅಕ್ಷರಗಳು ಒಂದೊಂದೂ ಹಲಸಿನ ಬೀಜದಷ್ಟು ದಪ್ಪ.

ಲಮ್ಯಾಯ್ ಅಂಗಳದ ದೈವದ ಗುಡಿಗೆ ಕೈಮುಗಿದು ಕೆನ್ನೆ ಬಡಿದುಕೊಂಡಳು. ಆಮೇಲೆ ಮನೆಯ ಕಡೆ ತಿರುಗಿದಳು.

"ತಾ! ದೈವದ ಎಡೆಗೆ ಬಾಯಿ ಹಾಕಿದ್ದು ನೀನೇ ತಾನೆ?"

ಮೊಮ್ಮಕ್ಕಳು 'ತಾ', ಅಂದರೆ ತಾತ, ಎಂದು ಕರೆದೂ ಕರೆದೂ ಅವಳ ಬಾಯಲ್ಲೂ ಗಂಡ ಸವಾಟ್‌ಗೆ ಅದೇ ಹೆಸರು ನಿಂತಿತ್ತು. ಅವನಿಗೆ ಅವಳು 'ಯಾಯ್', ಅಜ್ಜಿ.

"ಯಾವ ಎಡೆ ಯಾಯ್? ನಾನು ಮಲಗಿದೀನಲ್ಲ," ಎಂದಿತು ಕೋಣೆಯೊಳಗಿನ ದನಿ.

ಮಲಗಿದ್ದು ನಿಜ. ಸೊಂಟದ ಮೂಳೆ ಮುರಿದುಕೊಂಡು ನಾಲ್ಕು ತಿಂಗಳಿಂದ ಅವನಿಗೆ ಮಂಚ ಬಿಟ್ಟರೆ ಪಕ್ಕದ ಕಮೋಡ್ ಕುರ್ಚಿ, ಅಷ್ಟೇ ಲೋಕ. "ಮೂಳೆ ಕೂಡಿದೆ, ಧೈರ್ಯ ಕೂಡಿಲ್ಲ. ನಡೀಬೇಕು," ಎಂದಿದ್ದರು ಡಾಕ್ಟರು. ಕಾಲು ನೆಲಕ್ಕೆ ತಾಗಿದರೆ ಸಾಕು, ಇವನು ಮಗುವಿನಂತೆ ಅತ್ತುಬಿಡುತ್ತಿದ್ದ. ಹಿಡಿದು ನಡೆಯಲೆಂದು ತಂದ ವಾಕರ್ ಮೇಲೆ ಲಮ್ಯಾಯ್ ತನ್ನ ಒದ್ದೆ ಲುಂಗಿ ಒಣಗಿಸತೊಡಗಿದ್ದಳು.

ಕೊನೆಗೆ ದೈವವೇ ಗತಿ ಎಂದು ಹರಕೆ ಹೊತ್ತಳು. 'ಇವನು ಎದ್ದು ನಡೆಯುವವರೆಗೆ ದಿನಕ್ಕೊಂದು ಹೊಸ ಸಿನಿಮಾ. ಮನುಷ್ಯರ ಕಣ್ಣು ಬೀಳುವ ಮೊದಲು ನಿನಗೇ.' ಗುಡಿಯ ಎದುರು ತಗಡಿನ ಮಾಡಿನ ಕೆಳಗೆ ಹಳೇ ಟೀವಿ, ದೈವಕ್ಕೆ ಕೂರಲು ಖಾಲಿ ಕುರ್ಚಿ, ಕುಡಿಯಲು ಸ್ಟ್ರಾ ಹಾಕಿದ ಕೆಂಪು ಶರಬತ್ತಿನ ಬಾಟಲಿ. ಬಟ್ಟೆಗೆ ಬಿದ್ದರೆ ಏಳು ಒಗೆತಕ್ಕೂ ಹೋಗದ ಕೆಂಪು.

ಎಡವಟ್ಟಾಗಿದ್ದು ಸವಾಟ್‌ನ ಜಾಣತನದಿಂದ. ಮೂವತ್ತು ವರ್ಷ ಊರೂರು ಅಲೆದು ಗುಡಿಗಳ ಮುಂದೆ ಬಯಲು ಸಿನಿಮಾ ತೋರಿಸಿದವನು. ಮಲಗಿದಲ್ಲೇ ಮನೆಯ ಮೂರೂ ಪ್ಲೇಯರುಗಳನ್ನು ಒಂದಕ್ಕೊಂದು ಗಂಟು ಹಾಕಿದ್ದ. ಹಜಾರ, ಕೋಣೆ, ಗುಡಿ, ಮೂರಕ್ಕೂ ಒಂದೇ ಸಿನಿಮಾ ಭಂಡಾರ. ಒಂದರಲ್ಲಿ ನಿಲ್ಲಿಸಿದ್ದು ಇನ್ನೊಂದರಲ್ಲಿ ಅಲ್ಲಿಂದಲೇ ಮುಂದುವರಿಯುತ್ತದೆ. ಒಂದರಲ್ಲಿ ಅಕ್ಷರ ದಪ್ಪ ಮಾಡಿದರೆ ಮೂರರಲ್ಲೂ ದಪ್ಪ. ಕಳ್ಳ ತಾನೇ ಹೆಜ್ಜೆಗುರುತು ಬಿಟ್ಟು ಹೋಗುವ ಏರ್ಪಾಡು.

"ನಿನ್ನ ಕನ್ನಡಕ ಒಡೆದು ಎಂಟು ದಿನ ಆಯ್ತು. ದೈವಕ್ಕೇನು ಕಣ್ಣಿನ ಪೊರೆಯಾ? ಅಕ್ಷರ ಯಾಕೆ ಇಷ್ಟು ದಪ್ಪ?"

ಸವಾಟ್ ಹೊದಿಕೆ ಮೂಗಿನವರೆಗೆ ಎಳೆದುಕೊಂಡ. "ಸೌಂಡ್ ಸರಿಯಿದೆಯಾ ಅಂತ ಪರೀಕ್ಷೆ ಮಾಡಿದೆ."

"ಒಂದು ಗಂಟೆ ಪರೀಕ್ಷೆ! ದೈವ ಮುನಿಸಿಕೊಂಡ್ರೆ ನಿನ್ನ ಕಾಲು ಯಾರು ಕೊಡ್ತಾರೆ?" ಅತ್ತುಬಿಟ್ಟರೆ ಅವನು ಗೆದ್ದಂತೆ ಎಂದು, ಹಜಾರದ ಮತ್ತು ಕೋಣೆಯ ಪ್ಲೇಯರುಗಳ ವೈರು ಕಿತ್ತು ಸಂತೆಯ ಬುಟ್ಟಿಗೆ ತುರುಕಿದಳು.

"ಅಯ್ಯೋ ಯಾಯ್! ನದಿಗೆ ಹಾರಿದಾಳೆ, ಬದುಕ್ತಾಳಾ? ಆ ದೋಣಿಯವನನ್ನ ಮದುವೆ ಆಗ್ತಾಳಾ ಇಲ್ವಾ? ಅದೊಂದು ಹೇಳಿ ಹೋಗೇ!"

"ದೈವ ನೋಡತ್ತೆ. ಅದನ್ನೇ ಕೇಳು."

ಅಕ್ಷರ ಸಣ್ಣಗೆ ಮಾಡಿ, ಸಿನಿಮಾವನ್ನು ಮೊದಲಿನಿಂದ ಹಚ್ಚಿ, ಗೇಟಿಗೆ ಬೀಗ ಜಡಿದು ಲಮ್ಯಾಯ್ ಸುಟ್ಟ ಬಾಳೆಹಣ್ಣು ಮಾರಲು ಹೋದಳು.

ಎರಡು ಗಂಟೆಗೆ ಬಂದಾಗ ಬೀಗ ಹಾಕಿದಂತೆಯೇ ಇತ್ತು. ಅಪರಿಚಿತರ ನೆರಳು ಕಂಡರೂ ಕೇರಿ ಎಬ್ಬಿಸುವ ನಾಯಿ ದೈವದ ಕುರ್ಚಿಯ ಕೆಳಗೆ ಗೊರಕೆ ಹೊಡೆಯುತ್ತಿತ್ತು. ಆದರೆ ಮುಗಿದು ಕಪ್ಪಾಗಬೇಕಿದ್ದ ಪರದೆಯ ಮೇಲೆ ನಾಯಕಿ ದೋಣಿಯವನನ್ನು ತಬ್ಬಿ ನಿಂತಿದ್ದಳು. ಚಿತ್ರ ಅಲ್ಲಾಡುತ್ತಿರಲಿಲ್ಲ. ಯಾರೋ ಕೊನೆಯ ದೃಶ್ಯವನ್ನು ಹಿಂದಕ್ಕೋಡಿಸಿ, ಇನ್ನೊಮ್ಮೆ ನೋಡಿ ನಿಲ್ಲಿಸಿದ್ದರು. ಅಕ್ಷರ ಮತ್ತೆ ದಪ್ಪ.

ಕೋಣೆಯ ಪ್ಲೇಯರಿಗೆ ವೈರಿಲ್ಲ. ಹಜಾರದ್ದಕ್ಕೂ ಇಲ್ಲ. ಎರಡೂ ಅವಳ ಬುಟ್ಟಿಯಲ್ಲೇ ಇವೆ.

ಲಮ್ಯಾಯ್ ಬಾಟಲಿ ಎತ್ತಿ ನೋಡಿದಳು. ತಳದವರೆಗೂ ಖಾಲಿ. ಮೈಯೆಲ್ಲ ಜುಮ್ಮೆಂದಿತು. ಗುಡಿಗೆ ಶರಬತ್ತಿಡುತ್ತ ಬಂದ ಮೂವತ್ತೈದು ವರ್ಷದಲ್ಲಿ ಒಂದು ಗುಟುಕನ್ನೂ ಮುಟ್ಟದ ದೈವ! ಬೆಳಿಗ್ಗೆ ಪೊರೆಯ ಮಾತಾಡಿದ್ದಕ್ಕೆ ನಾಲಿಗೆ ಕಚ್ಚಿಕೊಂಡು, ಅಡ್ಡಬಿದ್ದು, ಒಳಗೆ ಓಡಿದಳು.

ಸವಾಟ್ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅವಳ ಲುಂಗಿ ವಾಕರಿನಿಂದ ಜಾರಿ ನೆಲದಲ್ಲಿ ಬಿದ್ದಿತ್ತು. ಗಾಳಿಗಿರಬೇಕೆಂದು ಎತ್ತಿ ಹೆಗಲಿಗೆ ಹಾಕಿಕೊಂಡಳು.

"ತಾ, ಏಳು! ದೈವ ಬಂದಿತ್ತು. ಶರಬತ್ತು ಪೂರ್ತಿ ಕುಡಿದಿದೆ. ಕೊನೇ ಸೀನು ಎರಡು ಸಲ ನೋಡಿದೆ!"

"ಹೂಂ," ಎಂದ ಗೋಡೆಗೇ. "ಪಾಪ, ಬಿಸಿಲಲ್ಲಿ ಬಂದಿರತ್ತೆ. ಬಾಯಾರಿರತ್ತೆ."

"ಹರಕೆ ಮುಟ್ಟಿತು ಅಂತಲೇ ಅಲ್ವಾ? ನೀನು ನಡೀತೀಯ ನೋಡು."

"ನಡೆದ್ರೆ ನಿನ್ನ ಹರಕೆ ಮುಗೀತು. ಸಿನಿಮಾನೂ ನಿಲ್ಲತ್ತೆ. ಅವಸರ ಏನಿದೆ?"

ಹುಚ್ಚಪ್ಪ ಎಂದುಕೊಂಡು ಲಮ್ಯಾಯ್ ಮಧ್ಯಾಹ್ನದ ಮಾತ್ರೆ ಬಿಡಿಸಿದಳು. ಬೆಳಿಗ್ಗೆ ಅಷ್ಟು ಗೋಗರೆದವನು ದೋಣಿಯವನ ಮದುವೆಯ ವಿಷಯ ಮಾತ್ರ ಕೇಳಲೇ ಇಲ್ಲ.

"ಈ ಕಡೆ ತಿರುಗು. ಬಾಯಿ ತೆಗಿ."

ಅವನು ತಿರುಗಿದ. ತುಟಿ ಬಿಗಿಹಿಡಿದ. ಆಮೇಲೆ ಬೇರೆ ದಾರಿಯಿಲ್ಲದೆ ಬಾಯಿ ತೆಗೆದ.

ನಾಲಿಗೆ ಕಡುಗೆಂಪಾಗಿತ್ತು.

ಲಮ್ಯಾಯ್ ಮಾತ್ರೆ ಹಿಡಿದಂತೆಯೇ ನಿಂತುಬಿಟ್ಟಳು. ಮಂಚದಿಂದ ಬಾಗಿಲು, ಬಾಗಿಲಿಂದ ಅಂಗಳ, ಅಂಗಳದಿಂದ ಗುಡಿ. ಮೂವತ್ತು ಹೆಜ್ಜೆ. ಮತ್ತೆ ಹಿಂದಕ್ಕೆ ಮೂವತ್ತು. ಸಂತೋಷಕ್ಕೆ ಕಣ್ಣು ತುಂಬಿ ಬಂತು. ಹೆಗಲ ಮೇಲಿದ್ದ ಲುಂಗಿಯಲ್ಲಿ ಮುಖ ಒರೆಸಿಕೊಂಡು, ಮಾತ್ರೆಯನ್ನು ಆ ಕೆಂಪು ನಾಲಿಗೆಯ ಮೇಲೆ ಮೆಲ್ಲಗೆ ಇಟ್ಟಳು.

"ನಾಳೆಯಿಂದ ಟೀವೀನ ಗೇಟಿನ ಹತ್ರ ಇಡ್ತೀನಿ, ತಾ," ಎಂದಳು. "ದೈವಕ್ಕೆ ನಡೆದು ನಡೆದು ಅಭ್ಯಾಸ ಆಗ್ಲಿ."