ಕಹಿ ಸೋರೆ

ತಾರಸಿಯ ಕುಂಡದಲ್ಲಿ ತಾನೇ ಬೆಳೆದ ಸೋರೆಕಾಯಿಯ ರಸದಿಂದಲೇ ಗಂಡನ ಬಿ.ಪಿ. ಇಳಿಯಿತೆಂದು ಕಾತ್ಯಾಯಿನಿ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು. ಇಂದೂ ಗಂಡ ರಸದ ಲೋಟ ಹಿಡಿದು ತಾರಸಿ ಹತ್ತಿದ ಮೇಲೆ, ಉಳಿದ ಕಾಯನ್ನು ಹುಳಿಗೆ ಹೆಚ್ಚುತ್ತ ಒಂದು ಚೂರು ಬಾಯಿಗೆ ಹಾಕಿಕೊಂಡಳು. ಕಡು ಕಹಿ! ಕಹಿ ಸೋರೆಯೆಂದರೆ ವಿಷ. ದಿನವೂ ರುಚಿ ನೋಡಿಯೇ ರುಬ್ಬುವವಳು ಇಂದೇ ಮರೆತಿದ್ದಳು. ಥೂ ಎಂದು ಉಗಿದು ಮೇಲಕ್ಕೋಡಿದಳು. ಗಂಡನ ಕೈಯಲ್ಲಿ ಲೋಟ ಖಾಲಿಯಾಗಿತ್ತು.

“ಕುಡಿದುಬಿಟ್ರಾ?”

“ಹೂಂ, ಆಗ್ಲೇ.”

“ಕಹಿ ಇರ್ಲಿಲ್ವಾ?”

“ಇಲ್ವಲ್ಲ, ಚೆನ್ನಾಗೇ ಇತ್ತು.”

“ವಿಷ ಕಣ್ರೀ ಅದು! ನನ್ನ ಕೈಯಾರೆ ಕೊಟ್ಟೆನಲ್ಲಾ! ನಡೀರಿ ಆಸ್ಪತ್ರೆಗೆ!” ಅವಳು ಅಳುತ್ತ ಅವನ ರಟ್ಟೆ ಹಿಡಿದೆಳೆದಳು.

ಗಂಡ ತಲೆ ತಗ್ಗಿಸಿದ.

“ಅಳಬೇಡ ಕಣೇ. ಮೊದಲನೇ ದಿನದಿಂದ್ಲೂ ಆ ಬಳ್ಳಿ ಬುಡಕ್ಕೇ ಸುರೀತಿದ್ದೀನಿ.”