ಹಸಿರು ವೈರು

ಎಸಿಯ ಹೊರಗಿನ ಯೂನಿಟ್ಟಿನ ಮುಚ್ಚಳ ಬಿಚ್ಚಿದ ಯೋಗರಾಜನಿಗೆ ಮೊದಲು ಕಂಡದ್ದು ಹಸಿರು ವೈರು. ಅದು ಇರಬೇಕಾದ ಜಾಗದಲ್ಲೇ, ಸ್ಕ್ರೂವಿನ ಅಡಿಯಲ್ಲಿ, ಗಟ್ಟಿಯಾಗಿ ಕೂತಿತ್ತು. ಎಳೆದು ನೋಡಿದ, ಅಲುಗಲಿಲ್ಲ. ಎರಡು ವರ್ಷದ ಹಿಂದೆ ಈ ಎಸಿ ಕೂರಿಸಿದವನು ಅವನೇ. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಆ ಅರ್ಥ್ ವೈರನ್ನು ಎಲ್ಲಿಗೂ ಸೇರಿಸದೆ, ತುದಿಗೆ ಟೇಪು ಸುತ್ತಿ, ಮಡಚಿ ಒಳಗೆ ತುರುಕಿದವನೂ ಅವನೇ.

ಸುಮ್ಮನೆ ಮಾಡಿದ್ದಲ್ಲ ಬಿಡಿ. ಅದನ್ನು ಸೇರಿಸಿದರೆ ಹಳೆಯ ಮನೆಗಳಲ್ಲಿ ಸ್ವಿಚ್ಚು ಪದೇ ಪದೇ ಬೀಳುತ್ತದೆ, ಮನೆಯವರು ಫೋನಿನ ಮೇಲೆ ಫೋನು ಮಾಡಿ ಪ್ರಾಣ ಹಿಂಡುತ್ತಾರೆ. "ತಣ್ಣಗಾಗಕ್ಕೆ ಎರಡು ವೈರು ಸಾಕು ಸಾರ್" ಎಂದು ಹೇಳಿ ಹೇಳಿ, ಕೊನೆಗೆ ಅವನೇ ಅದನ್ನು ನಂಬಿಬಿಟ್ಟಿದ್ದ.

ನಿನ್ನೆ ಸಂಜೆ ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ ಬಿದ್ದ ಸಿಡಿಲು, ಜ್ಞಾನೇಶ್ ಮೇಷ್ಟ್ರ ಕಾಂಪೌಂಡಿನ ತೆಂಗಿನಮರವನ್ನು ಬುಡದವರೆಗೆ ಸೀಳಿ, ಕರೆಂಟಿನ ಲೈನಿಗೂ ನುಗ್ಗಿ, ಆ ಸಾಲಿನ ಏಳು ಮನೆಗಳ ಎಸಿ ಸುಟ್ಟಿತ್ತು. ಏಳೂ ಯೋಗರಾಜ ಹಾಕಿದವು. ಬೆಳಿಗ್ಗೆಯಿಂದ ಮನೆಮನೆಗೂ ಹೋಗಿ ಕರಕಲಾದ ಬೋರ್ಡು ಕಿತ್ತು ತೋರಿಸಿ, "ಸಿಡಿಲಿಗೆ ಯಾರೇನ್ ಮಾಡಕ್ಕಾಗತ್ತೆ? ದೇವ್ರ ಕೈಲಿರೋದು" ಎಂದು ಹೇಳಿ ಬಂದಿದ್ದ. ಎಂಟನೆಯದು ಈ ಧರ್ಮಪ್ಪನವರ ಮನೆ. ಇಲ್ಲಿ ಎಸಿ ಏನೂ ಆಗದೆ ಓಡುತ್ತಿತ್ತು. "ಮೀಟರ್ ಪಕ್ಕದ ಡಬ್ಬೀಲಿ ಹಸಿರು ಗುರುತು ಕೆಂಪಾಗಿದೆ, ಬಂದ್ ನೋಡಪ್ಪ" ಎಂದಷ್ಟೇ ಅವರ ಹೆಂಡತಿ ಮಾಸ್ತಮ್ಮ ಕರೆದಿದ್ದರು.

ಡಬ್ಬಿಯಲ್ಲಿದ್ದದ್ದು ಸಿಡಿಲಿನ ಹೊಡೆತ ತಡೆಯುವ ಬಿಲ್ಲೆ, ಧರ್ಮಪ್ಪನವರೇ ಹಾಕಿಸಿಕೊಂಡದ್ದು; ಹೊಡೆತ ತಿಂದಾಗ ಅದರ ಗುರುತು ಕೆಂಪಾಗುತ್ತದೆ. ಯೋಗರಾಜ ಅದನ್ನು ಆಗಲೇ ಕಿತ್ತು ಜೇಬಿಗಿಟ್ಟಿದ್ದ. ಹೆಬ್ಬೆರಳಿನಷ್ಟಿತ್ತು, ಸುಟ್ಟ ವಾಸನೆ ಬರುತ್ತಿತ್ತು. ಇದೊಂದು ಎಸಿ ಹೇಗೆ ಉಳಿಯಿತೆಂದು ನೋಡಲೇ ಅವನು ಸ್ಟೂಲು ಹತ್ತಿದ್ದ.

"ಅಮ್ಮ, ಬೇರೆ ಮೆಕ್ಯಾನಿಕ್ ಯಾರಾದ್ರೂ ಬಂದಿದ್ರಾ?" ಸ್ಟೂಲಿನ ಮೇಲಿಂದಲೇ ಕೇಳಿದ.

"ಯಾರ್ ಬರ್ತಾರೆ ಮಾರಾಯ? ಆ ಹಸಿರು ವೈರಾ? ನಾನೇ ಸಿಕ್ಸಿದ್ದು" ಎಂದರು ಮಾಸ್ತಮ್ಮ. "ಮೇನ್ ಸ್ವಿಚ್ ಇಳ್ಸಿ, ಟೆಸ್ಟರ್ ಇಟ್ಟು ಮೂರ್ ಸಲ ನೋಡಿದ್ಮೇಲೇ ಇವ್ರು ಕೈ ಹಾಕಕ್ಕೆ ಬಿಟ್ಟಿದ್ದು. ಒಂದು ಸ್ಕ್ರೂಗೆ ಅರ್ಧ ದಿನ ಬೈಸ್ಕೊಂಡಿದೀನಿ."

"ಕಣ್ಣು ನಂದು, ಕೈ ಅವಳ್ದು" ಎಂದಿತು ಕಿಟಕಿಯ ಒಳಗಿನ ದನಿ.

ಧರ್ಮಪ್ಪ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ಕಾದ ಲೋಹ ಸಿಡಿದು ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು; ಎದೆ, ಬೆನ್ನಿನ ಸುಟ್ಟ ಚರ್ಮದಲ್ಲಿ ಬೆವರೇ ಬರುತ್ತಿರಲಿಲ್ಲ. ಬೇಸಿಗೆಯಲ್ಲಿ ಒಂದು ಗಂಟೆ ಎಸಿ ನಿಂತರೆ ಅವರ ಮೈ ಜ್ವರದಂತೆ ಕಾಯುತ್ತಿತ್ತು. ಎಸಿ ಕೂರಿಸುವ ದಿನವೇ ಮಾಸ್ತಮ್ಮ ಇದನ್ನೆಲ್ಲ ಹೇಳಿದ್ದರು. ಕೇಳಿಸಿಕೊಂಡೇ ಯೋಗರಾಜ ವೈರು ಮಡಚಿದ್ದ. ಈಗ ಅದು ನೆನಪಾಗಿ ಅವನಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ಕೆಳಗಿಳಿದು ವೈರಿನ ಜಾಡು ಹಿಡಿದು ಹೊರಟ. ಅದು ಗೋಡೆಗುಂಟ ಇಳಿದು, ಮೀಟರ್ ಪಕ್ಕದ ಡಬ್ಬಿಯಿಂದ ಬಂದ ವೈರಿನ ಜೊತೆಗೂಡಿ, ತುಳಸಿಕಟ್ಟೆಯ ಪಕ್ಕ ನೆಲದಲ್ಲಿ ಹೂತ ಪೈಪೊಂದನ್ನು ಸೇರಿತ್ತು. ಪೈಪಿಗೆ ಕುಂಕುಮ ಇಟ್ಟಿತ್ತು. ಸುತ್ತಲ ಮಣ್ಣು ಇನ್ನೂ ಒದ್ದೆಯಾಗಿತ್ತು.

"ಉಪ್ಪು, ಇದ್ದಿಲು ತುಂಬ್ಸಿರೋ ಗುಂಡಿ" ಎಂದರು ಮಾಸ್ತಮ್ಮ. "ದಿನಾ ತುಳಸಿಗೊಂದು ಚೊಂಬು, ಇದಕ್ಕೊಂದು ಕೊಡ. ನೆಲ ಒಣಗಿದ್ರೆ ಕರೆಂಟ್ ಕುಡಿಯಲ್ವಂತೆ."

ಯೋಗರಾಜ ಜೇಬಿನ ಬಿಲ್ಲೆ ತೆಗೆದು ಅಂಗೈ ಮೇಲಿಟ್ಟುಕೊಂಡ. ಎದುರಿಗೆ ಸೀಳಿ ನಿಂತ ತೆಂಗಿನಮರ, ಕಾಲ ಬಳಿ ಈ ಒದ್ದೆ ನೆಲ. ಆ ಮರ ಸೀಳಿದ ಸಿಡಿಲೇ ಈ ಬಾಗಿಲಿಗೂ ಬಂದಿತ್ತು. ಬಂದು, ಇಷ್ಟೇ ಇಷ್ಟಿರುವ ಇದರೊಳಗೆ ಹಾದು, ವೈರು ಹಿಡಿದು ಇಳಿದು, ಒಬ್ಬ ಹೆಂಗಸು ದಿನಾ ನೀರು ಹೊಯ್ಯುವ ಮಣ್ಣಿನಲ್ಲಿ ಸದ್ದಿಲ್ಲದೆ ಅಡಗಿಹೋಗಿತ್ತು. ಹನ್ನೊಂದು ವರ್ಷದಿಂದ ಕರೆಂಟಿನಲ್ಲೇ ಅನ್ನ ಉಂಡವನಿಗೆ ಮೈಯೆಲ್ಲ ಜುಮ್ಮೆಂದಿತು. ತನಗೇ ಗೊತ್ತಿಲ್ಲದೆ ಆ ಪೈಪಿಗೆ ಕೈ ಮುಗಿದ.

ಕಿಟಕಿಯ ಬಳಿ ಬಂದು ಕೇಳಿದ, "ನಾನ್ ವೈರ್ ಸಿಕ್ಸದೆ ಬಿಟ್ಟಿದ್ದು ನಿಮಗೆ ಗೊತ್ತಿತ್ತಾ ಸಾರ್?"

"ನೀನು ಗೇಟ್ ದಾಟೋಕ್ ಮುಂಚೇನೇ ಗೊತ್ತಾಯ್ತು."

"ಕರೆದು ಬೈಬೋದಿತ್ತಲ್ಲ?"

ಧರ್ಮಪ್ಪ ಕಿಟಕಿಯ ಹತ್ತಿರಕ್ಕೆ ಸರಿದರು. "ಬೈಬೇಕಿತ್ತು. ನಮ್ಮನೇದು ಸರಿಯಾಯ್ತಲ್ಲ ಅಂತ ಸುಮ್ನಾದೆ. ಉಳಿದ ಮನೇಲಿ ಹೆಂಗೆ ಹಾಕಿದೀಯ ಅಂತ ಕೇಳ್ಲೇ ಇಲ್ಲ ನೋಡು."

ಪಶ್ಚಿಮದಲ್ಲಿ ಮೋಡ ಕಪ್ಪಾಗಿ ಗುಡುಗಿತು. ಯೋಗರಾಜ ಬೆಚ್ಚಿದ. ಬೆಳಿಗ್ಗೆಯಿಂದ ಮೇಷ್ಟ್ರ ಮನೆಯೂ ಸೇರಿ ಮೂರು ಮನೆಗೆ ಹೊಸ ಬೋರ್ಡು ಹಾಕಿಬಂದಿದ್ದ. ಮೂರರಲ್ಲೂ ಹಸಿರು ವೈರನ್ನು ಎಂದಿನಂತೆ ಮಡಚಿಯೇ ಇಟ್ಟಿದ್ದ. ಒಂದು ಕೈಯಲ್ಲಿ ಟೂಲ್ ಬ್ಯಾಗು ಎತ್ತಿಕೊಂಡು, ಇನ್ನೊಂದರಲ್ಲಿ ಜ್ಞಾನೇಶ್ ಮೇಷ್ಟ್ರಿಗೆ ಫೋನು ಹಚ್ಚಿದ.

"ಸಾರ್, ಎಸಿ ಮೇನ್ ಆಫ್ ಮಾಡಿ, ಯಾರೂ ಮುಟ್ಬೇಡಿ. ಈಗ್ಲೇ ಬರ್ತೀನಿ. ನಿನ್ನೆ ಸುಟ್ಟಿದ್ರಲ್ಲಿ ನನ್ನ ತಪ್ಪೂ ಇದೆ."

"ಇದೇನಪ್ಪ, ಬೆಳಿಗ್ಗೆ ದೇವ್ರ ಕೈಲಿರೋದು ಅಂದೆ?"

ಗುಡುಗು ಇನ್ನೂ ಹತ್ತಿರ ಬಂದಿತ್ತು. ಅದು ನಿಲ್ಲುವವರೆಗೆ ಕಾದು ಯೋಗರಾಜ ಹೇಳಿದ, "ನನ್ನ ಕೈಲೂ ಇತ್ತು ಸಾರ್."